ಕೈ ಹಾಕುವ ಮೊದಲು ಯಂತ್ರ ನಿಲ್ಲಲಿ

ಒಕ್ಕಣೆಯ ಕಾಲ ಬಂತೆಂದರೆ ಹಳ್ಳಿಯಲ್ಲಿ ಯಾರಿಗೂ ತಲೆ ತುರಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಮೋಡ ಕಟ್ಟುವ ಮೊದಲು ಕಾಳು ಮನೆ ಸೇರಬೇಕು, ಯಂತ್ರ ಪಕ್ಕದವರ ಕಣಕ್ಕೂ ಹೋಗಬೇಕು. ಅನಾಹುತ ಆಗುವುದು ಈ ಗಡಿಬಿಡಿಯಲ್ಲೇ.

ಹಾಗೆ ಎಡಗೈ ಕಳೆದುಕೊಂಡವಳು ಟಪಾಲಕ್ಕ. ಮೊಣಕೈಯಿಂದ ಕೆಳಗೆ ಕೈ ಇಲ್ಲ. ಆಮೇಲೆ ಹೊಲದ ಕೆಲಸ ಬಿಟ್ಟು, ಸೈಕಲ್ಲಿನಲ್ಲಿ ಊರೂರಿಗೆ ಕಾಗದ ಹಂಚುವ ಕೆಲಸ ಹಿಡಿದಳು. ಎರಡೂ ಬ್ರೇಕು ಬಲಗೈಗೇ ಸಿಗುವಂತೆ ರಿಪೇರಿಯವನು ಹೊಂದಿಸಿಕೊಟ್ಟಿದ್ದ.

ಈ ವರ್ಷ ಆಸ್ಪತ್ರೆಯ ನರ್ಸಮ್ಮ ಒಂದು ಸೈಕಲ್ ಯಾತ್ರೆ ಹೊರಡಿಸಿದರು. ಯಂತ್ರಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ಕೊಡಿಸಲು ನಿಧಿ ಕೂಡಿಸುವ ಯಾತ್ರೆ. ಬೆಳಗಿನಿಂದ ಸಂಜೆಯೊಳಗೆ ನೂರಹತ್ತು ಕಿಲೋಮೀಟರು, ಹೊಲಗಳ ನಡುವೆ ಸುತ್ತಿ ಮತ್ತೆ ಊರಿಗೇ ಬರುವ ದಾರಿ. ಸುಸ್ತಾದವರನ್ನು ಹತ್ತಿಸಿಕೊಳ್ಳಲು ಹಿಂದೆ ಒಂದು ವ್ಯಾನು. ಟಪಾಲಕ್ಕ ಹೆಸರು ಕೊಟ್ಟಾಗ ಅವಳ ತಮ್ಮ, ಅರ್ಧ ದಾರಿಗೇ ವ್ಯಾನಿನಲ್ಲಿ ಸೀಟು ಹಿಡಿಯುತ್ತೀಯ ಎಂದು ನಕ್ಕಿದ್ದ. ಅವಳು ಪೂರ್ತಿ ದಾರಿ ತುಳಿದೇ ತೀರುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಅರವತ್ತು ಕಿಲೋಮೀಟರು ಸಲೀಸಾಗಿ ಹೋಯಿತು. ಆಮೇಲೆ ಎದುರುಗಾಳಿ ಶುರುವಾಯಿತು. ಭಾರವೆಲ್ಲ ಒಂದೇ ಕೈಮೇಲೆ ಬಿದ್ದು ಬಲಭುಜ ಕಿತ್ತುಕೊಂಡು ಬರುವಂತಾಯಿತು. ಜೊತೆಯವರು ಮುಂದೆ ಹೋದರು. ಬಾಟಲಿಯಲ್ಲಿ ನೀರು ಮುಗಿದಾಗ ರಸ್ತೆ ಬದಿಯ ಕಣವೊಂದಕ್ಕೆ ಸೈಕಲ್ ತಿರುಗಿಸಿದಳು.

ಅಲ್ಲಿ ಒಕ್ಕಣೆ ಯಂತ್ರ ಭರ್ರೆಂದು ಓಡುತ್ತಿತ್ತು. ರೈತ ಕಾಳು ತುಂಬುತ್ತಿದ್ದ, ಅವನ ಹೆಂಡತಿ ತೆನೆಯ ಕಟ್ಟನ್ನು ಯಂತ್ರದ ಬಾಯಿಗೆ ಬರಿಗೈಯಲ್ಲಿ ನೂಕುತ್ತಿದ್ದಳು. ತಲೆಗೆ ಸುತ್ತಿದ ಬಟ್ಟೆಯ ತುದಿ ಸೊಂಟದವರೆಗೆ ಜೋತಾಡುತ್ತಿತ್ತು. ಅವಳಿಂದ ಒಂದು ಮೊಳ ದೂರದಲ್ಲಿ ಬೆಲ್ಟು ಬೋಳಾಗಿ ತಿರುಗುತ್ತಿತ್ತು. ಅದರ ತಗಡಿನ ಮುಚ್ಚಳ ಮೂಲೆಯಲ್ಲಿ ಕೋಳಿಗೂಡಿನ ಬಾಗಿಲಾಗಿತ್ತು.

ನೀರು ಕುಡಿದು ಹೊರಟುಬಿಡಬಹುದಿತ್ತು. ಇಲ್ಲಿ ಕೂತರೆ ಹೊತ್ತು ಮುಳುಗುವುದರೊಳಗೆ ಊರು ಮುಟ್ಟುವುದು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಆದರೂ ಸೈಕಲ್ಲನ್ನು ಗೋಡೆಗೆ ಒರಗಿಸಿ, ಯಂತ್ರ ನಿಲ್ಲಿಸಿ ಬೆಲ್ಟಿಗೆ ಮುಚ್ಚಳ ಹಾಕಿ ಎಂದು ಕೇಳಿಕೊಂಡಳು.

ರೈತನಿಗೆ ರೇಗಿತು. ಮುಚ್ಚಳ ಹಾಕಿದರೆ ಬೆಲ್ಟು ಜಾರಿದಾಗಲೆಲ್ಲ ಬಿಚ್ಚುತ್ತ ಕೂರಬೇಕು, ಕೆಲಸ ಸಾಗುವುದು ಯಾವಾಗ ಎಂದ. ನೀರು ಕೇಳಲು ಬಂದವರು ಬುದ್ಧಿ ಹೇಳಬಾರದು ಎಂದೂ ಗೊಣಗಿದ.

"ಹತ್ತು ವರ್ಷದಿಂದ ಹಿಂಗೇ ಓಡಿಸ್ತಿದೀನಿ. ಏನೂ ಆಗಿಲ್ಲ," ಎಂದ.

"ನಂಗೂ ಹನ್ನೊಂದು ವರ್ಷ ಏನೂ ಆಗಿರ್ಲಿಲ್ಲ ಅಣ್ಣ," ಎಂದು ಟಪಾಲಕ್ಕ ಅಂಗಿಯ ಮಡಚಿದ ಎಡತೋಳನ್ನು ಮೇಲೆ ಸರಿಸಿದಳು.

ರೈತ ಆ ಕೈ ನೋಡಿ ಮುಖ ತಿರುಗಿಸಿದ. ಅವಳು ನಿಧಾನವಾಗಿ ಹೇಳಿದಳು. ಒಂದು ಹಸಿ ಕಟ್ಟು ಸಿಕ್ಕಿಕೊಂಡಿತ್ತು. ಯಂತ್ರ ನಿಲ್ಲಿಸಲು ನಾಲ್ಕು ಹೆಜ್ಜೆ ನಡೆಯಬೇಕಿತ್ತು. ಆ ನಾಲ್ಕು ಹೆಜ್ಜೆಗೆ ಬೇಸರಪಟ್ಟು ಕೈಯಲ್ಲೇ ನೂಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳ ಜಡೆ ಹೆಣೆಯಲು ಇವತ್ತಿಗೂ ಇನ್ನೊಬ್ಬರನ್ನು ಕರೆಯಬೇಕು.

ರೈತನ ಹೆಂಡತಿ ಹೋಗಿ ಸ್ವಿಚ್ಚು ಆರಿಸಿದಳು. ತಲೆಯ ಬಟ್ಟೆ ಬಿಚ್ಚಿ ಅದರ ಇನ್ನೊಂದು ತುದಿಯನ್ನು ಗಂಡನ ಮುಂದೆ ಹಿಡಿದಳು. ಅದು ಚಿಂದಿಯಾಗಿತ್ತು.

"ನಿನ್ನೆ ಬೆಲ್ಟು ಇದನ್ನ ಎಳ್ಕೊಂಡ್ಬಿಡ್ತು. ಹರಿದದ್ದಕ್ಕೆ ಉಳಿದೆ," ಎಂದಳು. "ನೀವು ಬಯ್ತೀರ ಅಂತ ಹೇಳ್ಲಿಲ್ಲ."

ರೈತ ಆ ಚಿಂದಿಯನ್ನು ಬೆರಳಲ್ಲಿ ಸವರಿದ. ಸೀದಾ ಹೋಗಿ ಕೋಳಿಗೂಡಿನಿಂದ ಮುಚ್ಚಳ ಕಿತ್ತು ತಂದ. ಅದರ ಎರಡು ಬೋಲ್ಟು ಎಲ್ಲೋ ಕಳೆದುಹೋಗಿದ್ದವು. ಟಪಾಲಕ್ಕ ತನ್ನ ಸೈಕಲ್ಲಿನ ಕ್ಯಾರಿಯರ್ ಬಿಚ್ಚಿಸಿ ಅದರ ಬೋಲ್ಟು ಕೊಟ್ಟಳು. ಕ್ಯಾರಿಯರ್ ಆಮೇಲೆ ಕಳಿಸಿದರಾಯಿತು ಎಂದಳು.

ಅಷ್ಟರಲ್ಲಿ ವ್ಯಾನು ಬಂತು. ನರ್ಸಮ್ಮ ಇಳಿದು ಸಂಗತಿ ಕೇಳಿ, ತೆನೆ ನೂಕಲು ಉದ್ದನೆಯ ಮರದ ಕೋಲು ಇಟ್ಟುಕೊಳ್ಳಲು ಹೇಳಿದರು. ಯಾರಾದರೂ ಸಿಕ್ಕಿಕೊಂಡರೆ ಮೊದಲು ಯಂತ್ರ ನಿಲ್ಲಿಸಬೇಕು, ಗಾಬರಿಯಲ್ಲಿ ಎಳೆಯಬಾರದು, ರಕ್ತ ಬರುವ ಜಾಗವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂದು ವಿವರಿಸಿದರು. ನಂತರ ಟಪಾಲಕ್ಕನ ಭುಜ ಮುಟ್ಟಿ ನೋಡಿ ವ್ಯಾನು ಹತ್ತಲು ಹೇಳಿದರು.

"ಇನ್ನು ನಲವತ್ತೇ ಕಿಲೋಮೀಟರು," ಎಂದು ಅವಳು ಪೆಡಲಿನ ಮೇಲೆ ಕಾಲಿಟ್ಟಳು.

ಗಾಳಿ ನಿಲ್ಲಲಿಲ್ಲ. ಎರಡು ಏರಿನಲ್ಲಿ ಇಳಿದು ತಳ್ಳಬೇಕಾಯಿತು. ಇನ್ನೇನು ಹೊತ್ತು ಮುಳುಗುತ್ತದೆ ಎನ್ನುವಾಗ, ಎಲ್ಲರಿಗಿಂತ ಕೊನೆಯವಳಾಗಿ, ತುಳಿಯುತ್ತಲೇ ಊರು ಮುಟ್ಟಿದಳು. ಮಾರನೆಯ ವಾರ ರೈತ ತಾನೇ ಬಂದು ಕ್ಯಾರಿಯರ್ ಜೋಡಿಸಿಕೊಟ್ಟ. ಅಕ್ಕಪಕ್ಕದ ಮೂರು ಕಣದವರೂ ಮುಚ್ಚಳ ಹಾಕಿಸಿದ್ದಾರೆಂದು ಹೇಳಿದ. ಅವನೇ ಬೆನ್ನು ಬಿದ್ದು ಹಾಕಿಸಿದ್ದನಂತೆ.

ಈ ಕಥೆ ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಯಂತ್ರದ ಮುಚ್ಚಳ ಈಗ ಎಲ್ಲಿದೆ? ಇವತ್ತೇ ಹುಡುಕಿ ಹಾಕಿಸಿ. ಜೋತಾಡುವ ಬಟ್ಟೆ ಸಿಕ್ಕಿಸಿಕೊಳ್ಳಿ, ಕೂದಲು ಬಿಗಿದು ಕಟ್ಟಿ. ಕಟ್ಟು ಸಿಕ್ಕಿಕೊಂಡರೆ ನಾಲ್ಕು ಹೆಜ್ಜೆ ನಡೆದು ಯಂತ್ರ ನಿಲ್ಲಿಸಿ, ಆಮೇಲೆ ಕೈ ಹಾಕಿ. ಕೆಲಸ ತುಸು ತಡವಾದರೆ ನಾಳೆ ಮುಗಿಸಬಹುದು. ನಾಳೆ ಮುಗಿಸಲು ನಿಮ್ಮ ಎರಡೂ ಕೈ ಇರಲಿ.