ಚೊಣಕ ಮರಿಗಳ ಉಪವಾಸ

ನಮ್ಮ ಆಯಿಯ, ಅಂದರೆ ನನ್ನ ಅಮ್ಮನ, ಕಾಯಿದೆ ಒಂದೇ: ಮನೆಯಿಂದ ಹೊರಡುವವರು ಉಂಡೇ ಹೊರಡಬೇಕು. ಕರೆಂಟ್ ಬಿಲ್ ಕೊಡಲು ಬಂದವನನ್ನೂ ಆಕೆ ದೋಸೆ ತಿನ್ನಿಸದೆ ಬಿಟ್ಟವಳಲ್ಲ. ಇಂಥವಳ ಮನೆಯಲ್ಲಿ ಮೀನಿನ ಮರಿಗಳನ್ನು ಉಪವಾಸ ಕೆಡವುತ್ತೇವೆಂದು ಹೊರಟ ನಮಗೆ ಬುದ್ಧಿ ಇರಬೇಕಿತ್ತು.

ಕದ್ವಾಡದಲ್ಲಿ ನಮ್ಮ ಮನೆ ಕಾಳಿ ನದಿಯ ದಂಡೆಗೇ ಇದೆ. ನಾನು ಸೋಮು, ಮಲ್ಲಾಪುರದ ಕಾಲೋನಿಯಲ್ಲಿ ವೈರಿಂಗ್ ಕೆಲಸದವನು. ಹೆಂಡತಿ ದಮಯಂತಿ ಅಲ್ಲಿಯದೇ ಶಾಲೆಯಲ್ಲಿ ಆಯಾ ಆಗಿದ್ದಳು. ಮೀನು ಸಂಶೋಧನಾ ಕೇಂದ್ರದ ವೈಶಾಲಿ ಮೇಡಂ ಊರಿಗೆ ಬಂದು, ಚೊಣಕ ಮೀನಿನ ಸಣ್ಣ ಮರಿ ಕೊಡುತ್ತೇವೆ, ಹಿನ್ನೀರಿನಲ್ಲಿ ಬಲೆಯ ತೊಟ್ಟಿ ಕಟ್ಟಿ ಬೆರಳುದ್ದ ಆಗುವ ತನಕ ಸಾಕಿ, ಆಮೇಲೆ ಹೊಂಡದಲ್ಲಿ ಮೀನು ಬೆಳೆಸುವವರಿಗೆ ಮಾರಿ ಎಂದರು. ಊರವರು ತಲೆಯಾಡಿಸಿ, ಚಾ ಕುಡಿದು ಎದ್ದುಹೋದರು. ದಮಯಂತಿ ಶಾಲೆಯ ಕೆಲಸ ಬಿಟ್ಟಳು.

ಚೊಣಕವೆಂದರೆ ಅಣ್ಣ ತಮ್ಮನನ್ನೇ ನುಂಗುವ ಜಾತಿ. ದೊಡ್ಡವನ್ನು ಆಗಾಗ ಬೇರೆ ಮಾಡದಿದ್ದರೆ ಸಣ್ಣವು ಉಳಿಯುವುದಿಲ್ಲ. ಅದನ್ನೆಲ್ಲ ಅವಳು ಕಲಿತಳು. ಮೊದಲ ಮರಿಗಳು ಅಂಕೋಲಾದ ಮಂಜುನಾಥನ ಹೊಂಡಕ್ಕೆ ಜೀವಂತ ಮುಟ್ಟಿದರೆ ಮುಂದಿನ ಹಂಗಾಮಿಗೂ ಮರಿ ಇವಳಿಗೇ. ಸತ್ತರೆ ಕೇಂದ್ರದವರು ಬೇರೆ ಊರು ನೋಡುತ್ತಾರೆ. ಶಾಲೆಯಲ್ಲಿ ಆಗಲೇ ಬೇರೆ ಆಯಾ ಸೇರಿಯಾಗಿತ್ತು.

ಸಾಗಿಸುವ ಹಿಂದಿನ ದಿನದಿಂದ ಮರಿಗಳಿಗೆ ಏನೂ ಹಾಕಬಾರದು. ಉಂಡ ಮರಿ ಆಕ್ಸಿಜನ್ ತುಂಬಿ ಕಟ್ಟಿದ ಚೀಲದ ನೀರಲ್ಲೇ ಹೊಲಸು ಮಾಡುತ್ತದೆ, ಆ ನೀರೇ ಅದಕ್ಕೆ ವಿಷವಾಗುತ್ತದೆ. ದಮಯಂತಿ ಇದನ್ನು ಆಯಿಗೆ ಹೇಳಿದ್ದಳು. ಆಯಿ "ಹೂಂ" ಅಂದಿದ್ದಳು.

ಬೆಳಿಗ್ಗೆ ಮಂಜುನಾಥ ಗಾಡಿ ತಂದ. ವೈಶಾಲಿ ಮೇಡಂ ಆಕ್ಸಿಜನ್ ಸಿಲಿಂಡರ್ ಇಳಿಸಿಕೊಂಡು ಚೀಲ ಬಿಡಿಸುತ್ತಿದ್ದರು. ಆಗ ಆಯಿ ನಮ್ಮಿಬ್ಬರನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದಳು.

"ಪಾಪ, ಬಾಯಿ ತೆರ್ಕಂಡು ಮೇಲ್ ಮೇಲ್ ಬರ್ತಿದ್ವು. ತಾರ್ಲೆ ಮೀನು ಜಜ್ಜಿ ಹಾಕಿ ಬಂದೆ. ಇನ್ ದಾರೀಲಿ ಹಸಿವಾಗೂದಿಲ್ಲ."

ದಮಯಂತಿ ಮೇಡಂ ಇದ್ದ ಕಡೆ ತಿರುಗಿದಳು. ನಾನು ಅವಳ ಕೈ ಹಿಡಿದು ಎಳೆದೆ.

"ಸುಮ್ನಿರು ಮಾರಾಯ್ತಿ. ಅಂಕೋಲಾ ಎಂತಾ ದೂರ? ಮುಟ್ಟಿದ ಮೇಲೆ ಸತ್ರೆ ಅವ್ನ ಹೊಂಡದ ನೀರು ಸರಿ ಇಲ್ಲಾ ಅಂದ್ರಾಯ್ತು."

"ಯಾರ ಹೊಂಡದಾಗೆ ಸತ್ರೂ ನಾ ಸಾಕಿದ್ದೇ ಅಲ್ಲಾ?" ಎಂದು ಕೈ ಬಿಡಿಸಿಕೊಂಡು ದಂಡೆಗೆ ಇಳಿದು ಮೇಡಂಗೆ ಹೇಳಿದಳು. "ಅಕ್ಕೋರೆ, ಇವತ್ತು ಕೊಡೂಕಾಗೂದಿಲ್ಲ. ಮರಿ ಉಂಡಿದಾವೆ."

ಯಾರು ಉಣಿಸಿದರೆಂದು ಅವಳು ಹೇಳಲಿಲ್ಲ. ಮಂಜುನಾಥ ಸಿಟ್ಟಿನಿಂದ ಕೆಂಪಾದ.

"ಮಾಡೂ ಕೆಲಸ ಬಿಟ್ಟು ಬಂದೆ ನಾನು! ನಾಡಿದ್ದು ಬರ್ತೆ. ಆಗ್ಲೂ ಉಂಡಿದಾವೆ ಅಂದ್ರೆ ಕುಮಟೆಯಿಂದ ಮರಿ ತಕಂತೆ, ನಿಮ್ಮನೆ ಸಹವಾಸ ಸಾಕು."

ವೈಶಾಲಿ ಮೇಡಂ ಪೈಪು ಸುತ್ತುತ್ತ, "ಇನ್ನೊಂದು ಸಲ ಹೀಗಾದರೆ ನಾನು ನಿಮ್ಮ ಪರ ಮಾತಾಡಲು ಆಗುವುದಿಲ್ಲ, ದಮಯಂತಿ" ಎಂದರು. ಅವರದೂ ತಪ್ಪಲ್ಲ. ಖಾಲಿ ಗಾಡಿ ತಿರುಗಿ ಹೋಯಿತು.

ದಮಯಂತಿ ಅತ್ತೆಯ ಜೊತೆ ಮಾತು ಬಿಟ್ಟಳು. ಜಗಳವಾಡಿದ್ದರೆ ಒಳ್ಳೆಯದಿತ್ತು, ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಕೇಳುತ್ತಿತ್ತು. ಆಯಿ ಕ್ಷಮೆ ಕೇಳುವ ಪೈಕಿಯವಳಲ್ಲ. ಮರುದಿನ ಬೆಳಿಗ್ಗೆಯೇ ಮಣೆ ಹಿಡಿದುಕೊಂಡು ಹೋಗಿ ತೊಟ್ಟಿಯ ಎದುರು ಕಾವಲು ಕೂತಳು. ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ.

"ಅವು ಉಪಾಸ ಇರೂವಾಗ ನಾ ಹೆಂಗೆ ಉಣ್ಲೋ?"

ಅತ್ತೆ ಉಣ್ಣದೆ ಸೊಸೆ ಹೇಗೆ ಉಣ್ಣುತ್ತಾಳೆ? ಮಾತಿಲ್ಲದಿದ್ದರೂ ದಮಯಂತಿ ತನ್ನ ಬಟ್ಟಲು ಇಳಿಸಲಿಲ್ಲ. ಇಬ್ಬರೂ ಕಪ್ಪು ಚಾ ಕುಡಿದುಕೊಂಡು ಹಠದಲ್ಲಿ ಕೂತರು. ನಾನು ಮಲ್ಲಾಪುರದ ಹೋಟೆಲಿನಲ್ಲಿ ಬನ್ಸ್ ತಿಂದು, ಬಾಯಿ ಚೆನ್ನಾಗಿ ಒರೆಸಿಕೊಂಡು ಮನೆಗೆ ಬಂದೆ.

ಹೇಳಿದ ದಿನ ಮಂಜುನಾಥ ಬಂದ. ಚೀಲ ತುಂಬಿದರು, ಡಬ್ಬಿಗಳಲ್ಲಿಟ್ಟರು, ಮೇಡಂ ಗಾಡಿಯಲ್ಲೇ ಹೋದರು. ಆಮೇಲೆ ದಮಯಂತಿ ಜಗಲಿಯಲ್ಲಿ ಫೋನು ಹಿಡಿದು ಕೂತಳು. ಆಯಿ ಕಂಬಕ್ಕೆ ಒರಗಿದ್ದಳು, ತುಟಿ ಒಣಗಿತ್ತು. ವಯಸ್ಸಾದವಳು, ನನಗೆ ಹೆದರಿಕೆಯೇ ಆಯಿತು.

ಮಧ್ಯಾಹ್ನ ಕಳೆದ ಮೇಲೆ ಫೋನು ಬಂತು. ಮೇಡಂ ಮಾತು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಮರಿಗಳು ಚುರುಕಾಗಿವೆ, ಹೊಂಡಕ್ಕೆ ಬಿಟ್ಟಾಯಿತು, ಮುಂದಿನ ಹಂಗಾಮಿನ ಮರಿಯೂ ನಿಮಗೇ ಎಂದರು. ದಮಯಂತಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಆಯಿಗೆ ಹಂಗಾಮಿನ ಸುದ್ದಿ ಬೇಕಿರಲಿಲ್ಲ.

"ಕೇಳು ಅವ್ರಲ್ಲಿ. ತಿಂದ್ವಾ ಅಂತ ಕೇಳು."

ದಮಯಂತಿ ಕೇಳಿದಳು. ಹೊಸ ನೀರಿಗೆ ಹೊಂದಿಕೊಳ್ಳಬೇಕು, ನಾಳೆ ಬೆಳಿಗ್ಗೆಯ ತನಕ ಏನೂ ಹಾಕುವಂತಿಲ್ಲ ಎಂದರು ಮೇಡಂ. ಫೋನು ಇಟ್ಟು ಅವಳು ಅತ್ತೆಯ ಮುಖ ನೋಡಿದಳು. ಮೂರು ದಿನದಲ್ಲಿ ಮೊದಲ ಸಲ.

"ತಿಂದ್ವಂತೆ ಆಯಿ. ಹಾಕಿದ್ದೆಲ್ಲಾ ಖಾಲಿ ಮಾಡಿದ್ವಂತೆ. ಏಳಿ, ಉಂಬ್ವಾ."

ಆಯಿ ಅವಳ ಭುಜ ಹಿಡಿದುಕೊಂಡು ಎದ್ದು ಕೈ ತೊಳೆಯಲು ಹೋದಳು.