ಅತ್ತೆ ಬೇಡವೆಂದ ದೃಶ್ಯ

ಸಮೂಹ ಸಂವಹನ ಓದುತ್ತಿದ್ದ ಆ ಹುಡುಗಿಯನ್ನು ಮನೆಯಲ್ಲೂ ಕಾಲೇಜಿನಲ್ಲೂ ಕರೆಯುತ್ತಿದ್ದುದು ಚಿನಕುರುಳಿ ಎಂದೇ. ಬಾಯಿ ಬಿಟ್ಟರೆ ಪಟಪಟ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಅವಳು ಒಂದು ಸಾಕ್ಷ್ಯಚಿತ್ರ ಮಾಡಿದ್ದಳು. ಸೋದರತ್ತೆಯೂ ಸೇರಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಹೆಂಗಸರದೇ ಅದರ ಕಥೆ.

ಚಿತ್ರೀಕರಣದ ನಡುವೆ, ಪುಟ್ಟ ಹೊದಿಕೆಯೊಂದನ್ನು ಮಡಚುತ್ತಿದ್ದ ಅತ್ತೆ ತೀರಿಹೋದ ತನ್ನ ಕೂಸನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆ ದೃಶ್ಯವನ್ನು ನೋಡಿದ ಕಾಲೇಜಿನ ಮೇಷ್ಟ್ರು, "ಮೊದಲ ಬಹುಮಾನ ನಿಂದೇ ಬಿಡು" ಎಂದು ಬೆನ್ನು ತಟ್ಟಿದ್ದರು.

ಇನ್ನೇನು ಸಲ್ಲಿಸಬೇಕು ಎನ್ನುವಾಗ ಚಿತ್ರವನ್ನು ಅತ್ತೆಗೆ ತೋರಿಸಿದಳು. ಅತ್ತೆ ಕೊನೆಯವರೆಗೆ ನೋಡಿದಳು.

"ಚೆನ್ನಾಗಿದೆ ಕಣೇ. ನಾನು ಅಳೋದನ್ನ ಮಾತ್ರ ತೆಗೆದುಬಿಡು."

"ಅತ್ತೆ, ಅದೇ ಜೀವಾಳ! ನೀನೇ ಹೂಂ ಅಂದಿದ್ದೆ."

"ಕೆಲಸ ತೋರಿಸ್ತೀನಿ ಅಂತ ನೀನಂದೆ, ನಾನು ಹೂಂ ಅಂದೆ. ಮಗು ವಿಷಯ ನಿನ್ನ ಹತ್ರ ಹೇಳ್ಕೊಂಡಿದ್ದು, ಊರಿಗೆಲ್ಲ ಅಲ್ಲ."

ಅತ್ತೆ ಅಳುತ್ತಿದ್ದಾಗ ಕೈ ಹಿಡಿಯುವುದು ಬಿಟ್ಟು ತಾನು ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ಒಯ್ದದ್ದು ನೆನಪಾಗಿ ಚಿನಕುರುಳಿಯ ಮುಖ ಬಿಸಿಯಾಯಿತು.

ದೃಶ್ಯ ತೆಗೆಯುತ್ತೇನೆಂದು ಅವಳು ಕಾಲೇಜಿನಲ್ಲಿ ಹೇಳಿದಾಗ ಮೇಷ್ಟ್ರು ಸಿಡಿಮಿಡಿಗೊಂಡರು. "ತಲೆ ಕೆಟ್ಟಿದೆಯಾ? ಅದಿಲ್ದಿದ್ರೆ ಉಳಿಯೋದು ಬರೀ ಬಟ್ಟೆ ಒಗೆಯೋದು. ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದಾರಲ್ಲ?"

"ಸಹಿ ಇದೆ ಸರ್, ಅತ್ತೆಗೆ ಮನಸ್ಸಿಲ್ಲ."

"ಮಾರ್ಕ್ಸ್ ಹೋಗುತ್ತೆ."

"ಹೋಗ್ಲಿ ಸರ್. ತೆಗೀತೀನಿ."

ಆ ದೃಶ್ಯವನ್ನು ಅಳಿಸಿ, ಮರುದಿನ ಬೆಳಗ್ಗೆಯೇ ಕ್ಯಾಮೆರಾ ಹೆಗಲಿಗೇರಿಸಿ ಮತ್ತೆ ಆಸ್ಪತ್ರೆಗೆ ಹೋದಳು. ಈ ಸಲ ಮೊದಲೇ ಕೇಳಿದಳು: "ಏನು ತೋರಿಸ್ಲಿ, ಹೇಳಿ." ಹೆಂಗಸರಿಗೆ ಎಲ್ಲಿಲ್ಲದ ಹುರುಪು ಬಂತು. ಒದ್ದೆ ಚಾದರದ ತುದಿಗಳನ್ನು ಹಿಡಿದು ಇಬ್ಬರು ಫಟ್ಟನೆ ಕೊಡವಿದರು. ಹನಿಗಳು ಹಾರಿ ಅಲ್ಲೇ ನಿಂತಿದ್ದ ಮೇಲ್ವಿಚಾರಕನ ಕನ್ನಡಕವೆಲ್ಲ ಮಬ್ಬಾಯಿತು. ಅವನು ಗುರ್ರೆಂದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಂತುಹೋದ ಬಟ್ಟೆ ಒಗೆಯುವ ಯಂತ್ರಕ್ಕೆ ಒಬ್ಬಳು ಬಾಯಿಗೆ ಬಂದಂತೆ ಬೈದು ಗುದ್ದಿದಳು. ಅದು ಮತ್ತೆ ಓಡಿತು! ಚಿನಕುರುಳಿ ಊಟದ ಪರಿವೆಯಿಲ್ಲದೆ ಸಂಕಲನಕ್ಕೆ ಕೂತು, ಹೊಸದನ್ನು ಮೊದಲು ಅತ್ತೆಗೆ ತೋರಿಸಿ, ಆಮೇಲೆ ಸಲ್ಲಿಸಿದಳು.

ಪ್ರದರ್ಶನದ ದಿನ ಹೊರಗಿನಿಂದ ಬಂದ ಪರೀಕ್ಷಕಿ ಕೇಳಿದರು: "ಇವರ ಮನೆ ಕಷ್ಟಸುಖ ಯಾಕಿಲ್ಲ?"

"ಅದನ್ನ ತೋರ್ಸೋದು ಅವರಿಗೆ ಬೇಡವಾಗಿತ್ತು ಮೇಡಂ. ನಾನು ಒಪ್ಕೊಂಡೆ."

ಪರೀಕ್ಷಕಿ ತಲೆಯಾಡಿಸಿದರು. ಬಹುಮಾನ ಮಾತ್ರ ಬೇರೆಯವರ ಪಾಲಾಯಿತು. ಒಂದು ಗಳಿಗೆ ಅವಳ ಹೊಟ್ಟೆ ಉರಿಯಿತು, ಸುಳ್ಳೇಕೆ? ಆದರೆ ಮುಂದಿನ ಸಾಲಿನಲ್ಲಿ, ತಮ್ಮ ಚಿತ್ರ ನೋಡಲು ಬಂದಿದ್ದ ಆಸ್ಪತ್ರೆಯ ಹೆಂಗಸರ ಗಲಾಟೆಯೋ ಗಲಾಟೆ. ಯಂತ್ರಕ್ಕೆ ಗುದ್ದಿದವಳು ಬಂದು ತಕರಾರು ತೆಗೆದಳು: "ನನ್ನನ್ನ ಇನ್ನೊಂಚೂರು ಹೊತ್ತು ತೋರಿಸ್ಬಾರದಿತ್ತಾ?"

"ನಾಳೆ ಬರ್ತೀನಿ ಅಕ್ಕ," ಎಂದಳು ಚಿನಕುರುಳಿ. "ನಿಮ್ಮದೇ ಇನ್ನೊಂದು ತೆಗೆಯೋಣ."