ಬ್ಯಾಟರಿಗೆ ಬಳಿದ ವಿಭೂತಿ

ನಾನೊಂದು ಕ್ಯಾಮೆರಾ ಬ್ಯಾಟರಿ, ಲಿಥಿಯಂ ಅಯಾನ್ ಜಾತಿಯವನು. ಗಾತ್ರ ಬೆಂಕಿಪೊಟ್ಟಣದಷ್ಟು, ಸಂಶಯ ಮೈತುಂಬ. ಹುಟ್ಟಿದ ಕಾರ್ಖಾನೆಯಲ್ಲೇ ನನ್ನನ್ನು ತುಂಬಿಸಿ, ಬರಿದುಮಾಡಿ, ಮತ್ತೆ ತುಂಬಿಸಿ ಪರೀಕ್ಷಿಸಿದರು. ಹುಟ್ಟಿದ ದಿನವೇ ನನ್ನನ್ನು ನಂಬದವರನ್ನು ನಾನೇಕೆ ನಂಬಲಿ?

ಮೊದಲ ಒಡೆಯ ಹುಬ್ಬಳ್ಳಿಯ ಇಮಾಮಸಾಬ, ಮದುವೆ ಫೋಟೊ ತೆಗೆಯುವವನು. ಮದುವೆಗಳಿಲ್ಲದ ಆಷಾಢದಲ್ಲಿ ನನಗೆ ಅರ್ಧ ಹೊಟ್ಟೆ ಮಾತ್ರ ತುಂಬಿಸಿ, ಮೂತಿಗೆ ಮುಚ್ಚಳ ಹಾಕಿ, ತಂಪಾದ ಕಪಾಟಿನಲ್ಲಿಡುತ್ತಿದ್ದ. ಮೈ ಬಿಸಿಯಿದ್ದರೆ ತಣಿಯುವವರೆಗೆ ಚಾರ್ಜರ್ ಮುಟ್ಟಿಸುತ್ತಿರಲಿಲ್ಲ. ಜಿಪುಣ, ಏನೋ ಮಸಲತ್ತು ನಡೆಸಿದ್ದಾನೆ ಅಂದುಕೊಂಡೆ. ಕಣ್ಣು ಮಂಜಾದ ಮೇಲೆ ಅವನು ಕ್ಯಾಮೆರಾ ಸಮೇತ ನನ್ನನ್ನು ರಾಣೆಬೆನ್ನೂರಿನ ರಾಚಪ್ಪನಿಗೆ ಕೊಟ್ಟಾಗ, ಪೀಡೆ ತೊಲಗಿತು ಎಂದು ಹಿಗ್ಗಿದೆ.

ರಾಚಪ್ಪ ಧಾರಾಳಿ. ಸ್ಟುಡಿಯೊ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಾನು ಚಾರ್ಜರ್‌ನಲ್ಲೇ. ಅದೂ ಸಂತೆಯಲ್ಲಿ ಕೊಂಡ, ಹೆಸರು ದಿಕ್ಕಿಲ್ಲದ ಚಾರ್ಜರ್. ಪ್ರೀತಿ ಅಂದರೆ ಇದು ಅಂದುಕೊಂಡೆ. ಅವನ ಹೆಂಡತಿ ನೀಲವ್ವನ ಮೇಲೆ ಮಾತ್ರ ನನಗೆ ಕೆಟ್ಟ ಸಂಶಯ. ಕಸ ಗುಡಿಸಲು ಬಂದಾಗಲೆಲ್ಲ ನನ್ನನ್ನೆತ್ತಿ ಮೂಸುತ್ತಿದ್ದಳು, ಮೇಜಿನ ಮೇಲಿಟ್ಟು ಅಲ್ಲಾಡುತ್ತೇನೋ ಎಂದು ನೋಡುತ್ತಿದ್ದಳು.

"ರೀ, ಇದರ ಹೊಟ್ಟಿ ಉಬ್ಬೇತ್ರಿ. ಇನ್ನ ಬಳಸಬ್ಯಾಡ್ರಿ," ಎಂದಳು ಒಮ್ಮೆ.

"ನಿನಗ ಎಲ್ಲಾದರ ಮ್ಯಾಲೂ ಸಂಶಯ," ಎಂದ ರಾಚಪ್ಪ, ಹೆಬ್ಬೆರಳಿನಿಂದ ಒತ್ತಿ ನನ್ನನ್ನು ಕ್ಯಾಮೆರಾದೊಳಗೆ ತುರುಕಿದ. ಇವಳು ನನ್ನನ್ನು ಮನೆಯಿಂದ ಹೊರಹಾಕಲು ಹೊಂಚುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಖಂಡೇನವಮಿ ಬಂತು. ಕ್ಯಾಮೆರಾ, ಲೈಟು, ಸ್ಟ್ಯಾಂಡು, ಎಲ್ಲಕ್ಕೂ ಪೂಜೆ. ರಾಚಪ್ಪ ನನ್ನನ್ನೂ ಬಿಡಲಿಲ್ಲ. ನೀರು ಚಿಮುಕಿಸಿ, ಕರೆಂಟು ಹಾಯುವ ಹಳದಿ ಪಟ್ಟಿಗಳ ಮೇಲೆಯೇ ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದ. ನನಗಂತೂ ದೇವರಾದಷ್ಟು ಸೊಕ್ಕು. ಮರುದಿನ ಮುಂಜಾನೆ ಒರೆಸದೆಯೇ ಚಾರ್ಜರ್‌ಗೆ ಸಿಕ್ಕಿಸಿ, ಮಕ್ಕಳ ಫೋಟೊಕ್ಕೆಂದು ಹಾಸಿದ ಮಖಮಲ್ಲಿನ ಗಾದಿಯ ಮೂಲೆಯಲ್ಲಿಟ್ಟ. ಅದೇ ಗಾದಿಯ ಮೇಲೆ ಆರು ತಿಂಗಳ ಕೂಸೊಂದು ಮಲಗಿತ್ತು. ತಾಯಿ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು, ರಾಚಪ್ಪ ಲೈಟು ತಿರುಗಿಸುತ್ತಿದ್ದ.

ನನ್ನ ಮೈ ಕಾಯತೊಡಗಿತು. ಗಾದಿಯ ಹತ್ತಿ ಬಿಸಿಯನ್ನು ಹೊರಗೆ ಬಿಡಲಿಲ್ಲ. ಯಾರೋ ನನ್ನನ್ನು ಸುಡಲು ಬಂದಿದ್ದಾರೆಂದು ಸುತ್ತ ಹುಡುಕಿದೆ. ಯಾರೂ ಇರಲಿಲ್ಲ. ಸುಡಲು ಹೊರಟವನು ನಾನೇ. ಕೂಸಿನ ಕಾಲು ನನ್ನಿಂದ ಒಂದು ಗೇಣು ದೂರದಲ್ಲಿತ್ತು, ನನಗೆ ಮೊದಲ ಸಲ ನನ್ನದೇ ಭಯವಾಯಿತು.

ಕಸ ಗುಡಿಸಲು ಬಂದ ನೀಲವ್ವ ಬಾಗಿಲಲ್ಲೇ ಮೂಗು ಅರಳಿಸಿದಳು. ನನ್ನ ಹೊಟ್ಟೆಯಿಂದ ಸೋರಿದ, ಉಗುರು ಬಣ್ಣದಂಥ ಸಿಹಿ ವಾಸನೆ ಆಗಲೇ ಹಬ್ಬಿತ್ತು.

"ತಂಗೀ, ಕೂಸಿನ್ನ ಎತ್ಗೊಂಡು ಹೊರಗ ನಡಿ."

ಸ್ವಿಚ್ಚು ಆರಿಸಿ, ವೈರು ಕಿತ್ತು, ಪೊರಕೆಯ ಹಿಡಿಯಿಂದ ನನ್ನನ್ನು ಚಾರ್ಜರ್‌ನಿಂದ ಎಬ್ಬಿಸಿ, ಕಸದ ತಗಡಿನ ಮೊರದಲ್ಲಿ ಬಳಿದುಕೊಂಡು ಓಡಿದಳು. ಎದುರು ಮನೆ ಕಟ್ಟಲು ಸುರಿದಿದ್ದ ಮರಳ ಗುಡ್ಡೆಗೆ ಎಸೆದು ದೂರ ಸರಿದಳು. ನಾನು ಅಲ್ಲೇ ಬುಸುಗುಟ್ಟಿ ಹೊಗೆ ಕಾರಿದೆ. ರಾಚಪ್ಪ ಒಳಗೆ ಹೋಗಿ ಆ ಸಂತೆಯ ಚಾರ್ಜರನ್ನೂ ತಂದು ಹೆಂಡತಿಯ ಕೈಗೆ ಕೊಟ್ಟ.

ಈಗ ಹಿತ್ತಲಿನ ಕಲ್ಲುಕಟ್ಟೆಯ ಮೇಲೆ, ಮರಳು ತುಂಬಿದ ಡಬ್ಬಿಯಲ್ಲಿದ್ದೇನೆ. ಹಳೆಯ ಬ್ಯಾಟರಿ ಒಯ್ಯುವವರು ಬರಬೇಕು. ನನ್ನ ಆಯುಷ್ಯ ಕಾಯುತ್ತಿದ್ದ ಇಮಾಮಸಾಬನ ಆ ಅರ್ಧ ಹೊಟ್ಟೆ ನೆನಪಾದರೆ ನಾಚಿಕೆಯಾಗುತ್ತದೆ. ನೀಲವ್ವ ದಿನವೂ ಬಂದು, ದೂರದಿಂದಲೇ ಕಣ್ಣು ಕಿರಿದುಮಾಡಿ ನನ್ನನ್ನು ನೋಡುತ್ತಾಳೆ. ಇನ್ನೂ ನಂಬಿಲ್ಲ ಅವಳು.

ನಂಬಬೇಡ, ತಾಯಿ.